ಮೂರನೆಯ ಸಾಲಿನ ಟೀಚರಮ್ಮ

ಶ್ರೀನಿವಾಸಪುರದ ಸಮಾಧಿ ತೋಟದಲ್ಲಿ ಕಳೆದ ತಿಂಗಳು ಟೀಚರಮ್ಮನ ಶವಪೆಟ್ಟಿಗೆಯ ಮೇಲೆ ನಾವೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿ ಮುಗಿಸಿದ ಮೇಲೆ, ಮಾಲೂರಿನಿಂದ ಬಂದಿದ್ದ ಸಭಾ ಸಮಿತಿಯ ಪರವಾಗಿ ಒಬ್ಬರು ಮಾತಾಡಿದರು. ಅಗಲಿದ ಸಹೋದರಿ ಮೃದು ಸ್ವಭಾವದವರಂತೆ. ಯಾರ ಮನಸ್ಸನ್ನೂ ನೋಯಿಸಿದವರಲ್ಲವಂತೆ. ದೇವರ ವಾಕ್ಯದ ಹಾಲನ್ನು ದಿನವೂ ಸಭೆಗೆ ಉಣಿಸಿದ ತಾಯಿಯಂತೆ. ಸುತ್ತ ನಿಂತವರು ತಲೆದೂಗಿದರು. ನಾನು ತಲೆದೂಗಲಿಲ್ಲ. ಮನುಷ್ಯರು ಬದುಕಿರುವಾಗ ಅವರ ಮಾತಿಗೆ ಸುಣ್ಣ ಬಳಿದವರೇ ಅವರು ಸತ್ತ ಮೇಲೆ ನೆನಪಿಗೂ ಸುಣ್ಣ ಬಳಿಯಲು ಬರುತ್ತಾರೆ. ಅದನ್ನು ನೋಡಿಕೊಂಡು ಸುಮ್ಮನಿರುವುದು ಆ ಕೆಲಸದಲ್ಲಿ ಕೈಜೋಡಿಸಿದಂತೆಯೇ. ಟೀಚರಮ್ಮ ಮೃದುವಾಗಿರಲಿಲ್ಲ. ಅವರಿಂದ ನೊಂದವರು ಇದ್ದರು, ಮತ್ತು ನೋಯಬೇಕಾದವರೇ ನೊಂದಿದ್ದರು. ಆ ಭಾಷಣದಲ್ಲಿ ಬಿಟ್ಟುಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಮಾಲೂರಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ನಮ್ಮ ಚಿಕ್ಕ ದೇವಾಲಯದ, ಅಂದರೆ ಚರ್ಚಿನ, ಅಂಗಳದಲ್ಲಿದ್ದ ಪ್ರಾಥಮಿಕ ಶಾಲೆಗೆ ಅವರು ಟೀಚರು. ನನಗೆ ಅಕ್ಷರ ತಿದ್ದಿಸಿದವರು. ಹುಟ್ಟಿದ್ದು ಮುಳಬಾಗಿಲು ತಾಲ್ಲೂಕಿನಲ್ಲಿ, ತಾಯಲೂರಿನ ಆಚೆ, ಆಂಧ್ರದ ಗಡಿಗೆ ಕೂಗಳತೆಯಲ್ಲಿ. ಮನೆಮಾತು ತೆಲುಗು. ಓದಿದ್ದು, ಕಲಿಸಿದ್ದು ಕನ್ನಡದಲ್ಲಿ. ಪ್ರಾರ್ಥನೆ ಮಾತ್ರ ಕಡೆಯವರೆಗೂ ತೆಲುಗಿನಲ್ಲೇ. ತಮ್ಮನ್ನು ತಾವು ಬೈದುಕೊಳ್ಳುವಾಗಲೂ ತೆಲುಗೇ ಬರುತ್ತಿತ್ತು. ಮದುವೆಯಾಗಿರಲಿಲ್ಲ. ಕಾರಣ ಕೇಳಿದವರಿಗೆ, "ಯಾರೂ ಪಾಸಾಗ್ಲಿಲ್ಲ" ಎಂದು ಹೇಳಿ ಮಗ್ಗಿ ಒಪ್ಪಿಸಲು ಇನ್ನೊಂದು ಮಗುವನ್ನು ಎಬ್ಬಿಸುತ್ತಿದ್ದರು. ಸಂಬಳ ಕೊಡುತ್ತಿದ್ದದ್ದು ಸಭಾ ಸಮಿತಿ. ಇದ್ದ ಒಂದು ಕೋಣೆಯೂ ಸಮಿತಿಯದೇ. ಮುಂದೆ ಹೇಳುವುದನ್ನು ಓದುವಾಗ ಇದು ನೆನಪಿರಲಿ.

ನಮ್ಮ ಸಭೆಗಳಲ್ಲಿ ವರ್ಷ ಜನವರಿಗೆ ಹುಟ್ಟುವುದಿಲ್ಲ. ಕ್ರಿಸ್ಮಸ್ಸಿಗೆ ನಾಲ್ಕು ಭಾನುವಾರ ಮುಂಚೆ, ಆಗಮನ ಕಾಲದಲ್ಲಿ ಹುಟ್ಟುತ್ತದೆ. ಅಲ್ಲಿಂದ ಬೂದಿ ಬುಧವಾರ, ಲೆಂಟಿನ ಉಪವಾಸದ ದಿನಗಳು, ಶುಭ ಶುಕ್ರವಾರ, ಈಸ್ಟರ್, ಅದರ ಐವತ್ತನೆಯ ದಿನದ ಪಂಚಾಶತ್ತಮ ಎಂದು ನಡೆದು, ಹಬ್ಬಗಳಿಲ್ಲದ ಉದ್ದನೆಯ ಮಳೆಗಾಲವನ್ನು ದಾಟಿ, ನವೆಂಬರಿನ ನಮ್ಮ ಸುಗ್ಗಿ ಹಬ್ಬಕ್ಕೆ ಬಂದು ಮುಗಿಯುತ್ತದೆ. ಇಂಥ ದಿನಕ್ಕೆ ಬೈಬಲಿನ ಇಂಥ ಪಾಠ ಎಂದು ಮೊದಲೇ ಗೊತ್ತುಮಾಡಿದ ಪಟ್ಟಿಯೊಂದು ಇರುತ್ತದೆ. ಟೀಚರಮ್ಮ ಅದನ್ನು 'ನಮ್ಮ ಪಂಚಾಂಗ' ಎನ್ನುತ್ತಿದ್ದರು. ಇಷ್ಟವಾದ ವಚನವನ್ನು ಹುಡುಕಿ ತೆಗೆದು ಓದುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

"ಆರಿಸ್ಕೊಂಡು ಓದೋದು ಸಂತೇಲಿ ಬದನೇಕಾಯಿ ತಗೊಂಡಂಗೆ ಕಣೇ. ಹುಳ ಇರೋದು ಕೆಳಗೆ ಉಳ್ಕೊಳುತ್ತೆ. ಬಂದ ಪಾಠ ಬಂದಂಗೆ ಓದ್ಬೇಕು. ಹುಳ ನಮ್ಮಲ್ಲಿದೆಯಾ ಅಂತ ಆಗಲೇ ಗೊತ್ತಾಗೋದು."

ದೇವಾಲಯದ ಕಾಂಪೌಂಡ್ ಗೋಡೆ ಸ್ಟೇಷನ್ ರಸ್ತೆಗೆ ಮುಖಮಾಡಿತ್ತು. ಅದರಲ್ಲಿ ಒಂದು ಹಲಗೆಯಷ್ಟು ಜಾಗಕ್ಕೆ ಗಾರೆ ಮೆತ್ತಿಸಿ, ಕಪ್ಪು ಬಳಿಸಿ, ದಿನವೂ ಬೆಂಗಳೂರಿನ ಮೊದಲ ಪ್ಯಾಸೆಂಜರ್ ಗಾಡಿಗೆ ಮುಂಚೆ ಸೀಮೆಸುಣ್ಣದಲ್ಲಿ ಮೂರು ಸಾಲು ಬರೆಯುತ್ತಿದ್ದರು. ಮೊದಲ ಸಾಲಿನಲ್ಲಿ ಅಂದಿನ ಪಾಠ ಯಾವುದು ಎಂದು. ಎರಡನೆಯದರಲ್ಲಿ ಅದರ ತಾತ್ಪರ್ಯ. ಮೂರನೆಯದು ಯಾವಾಗಲೂ ಒಂದು ಪ್ರಶ್ನೆ, ಅದು ಅವರದೇ. ತಾವು ಮೊದಲು ಉತ್ತರಿಸಿಕೊಳ್ಳದ ಪ್ರಶ್ನೆಯನ್ನು ಗೋಡೆಗೆ ಹಾಕುತ್ತಿರಲಿಲ್ಲ. ಕೆಲವು ಬೆಳಿಗ್ಗೆ ಸೀಮೆಸುಣ್ಣ ಹಿಡಿದುಕೊಂಡು ಸುಮ್ಮನೆ ನಿಂತಿರುತ್ತಿದ್ದರು. ಉತ್ತರ ಬಂದಿರಲಿಲ್ಲವೆಂದು ನಾವು ತಿಳಿದುಕೊಳ್ಳಬೇಕಿತ್ತು.

ಬರೆದಾದ ಮೇಲೆ ರಸ್ತೆ ದಾಟಿ ಎದುರಿನ ಬಾಷಾ ಸಾಹೇಬರ ಟೀ ಅಂಗಡಿಗೆ ಹೋಗುವರು. ದಾರಿಹೋಕರ ಕಣ್ಣಿಗೆ ಅದು ಹೇಗೆ ಕಾಣುತ್ತದೆ ಎಂದು ನೋಡಬೇಕು, ಆದರೆ ಕನ್ನಡಕ ಹಾಕಿದರೂ ಅವರ ಕಣ್ಣಿಗೆ ಅಷ್ಟು ದೂರ ಸರಿಯಾಗಿ ಕಾಣುತ್ತಿರಲಿಲ್ಲ. ಹಾಗಾಗಿ ಬಾಷಾ ಗಟ್ಟಿಯಾಗಿ ಓದಬೇಕು. ಬಾಷಾ ಮದರಸಾದಲ್ಲಿ ಉರ್ದು ಕಲಿತು, ಆಮೇಲೆ ಸಿನಿಮಾ ಪೋಸ್ಟರುಗಳಿಂದ ಕನ್ನಡ ಕಲಿತವರು. ಅವರು ತಡವರಿಸಿದರೆ ಟೀಚರಮ್ಮ ಮತ್ತೆ ರಸ್ತೆ ದಾಟಿ ಹೋಗಿ ಆ ಪದವನ್ನು ಒರೆಸುವರು.

"ಇವತ್ತು ಕಬ್ಬಿಣದ ಕಡ್ಲೆ ಬರ್ದಿದ್ದೀರಾ ಟೀಚರಮ್ಮ. 'ಪ್ರಾಯಶ್ಚಿತ್ತ' ಅಂತೆ. ನಾಲಿಗೆ ಮುರ್ಕೊಂಡ್ರೆ ನಿಮ್ ಕಮಿಟಿ ಕಟ್ಟಿಸ್ಕೊಡ್ತದಾ?"

"ಇರಪ್ಪಾ, ಟೀ ಆರೋಕೆ ಬಿಡು, ಬಂದೆ."

ಹಿಂತಿರುಗುವಷ್ಟರಲ್ಲಿ ಗೋಡೆಯ ಮೇಲೆ 'ಮಾಡಿದ್ದಕ್ಕೆ ಹೊಣೆ ಹೊರುವುದು' ಎಂದಾಗಿರುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ತರಗತಿಗೆಂದು ಅದೇ ಗಾಡಿ ಹಿಡಿಯುತ್ತಿದ್ದ ನಾನು ಸಂವಹನವನ್ನು ಕುರಿತು ಬಹಳ ಉಪನ್ಯಾಸಗಳನ್ನು ಕೇಳಿದೆ. ಓದುಗನನ್ನು ಇಷ್ಟು ಗೌರವಿಸಿದ ಬರಹಗಾರರನ್ನು ಆಮೇಲೆ ಹೆಚ್ಚು ಕಂಡಿಲ್ಲ.

ಮಾಲೂರಿನ ಸುತ್ತ ಇಟ್ಟಿಗೆ ಗೂಡುಗಳ ಬೂದಿ ಗಾಳಿಯಲ್ಲೇ ಇರುತ್ತದೆ. ಒಂದು ಬೂದಿ ಬುಧವಾರ ಅವರ ಪ್ರಶ್ನೆ ಹೀಗಿತ್ತು: "ನಿನ್ನ ಮನೆಯ ಗೋಡೆಗೆ ಯಾರು ಬೂದಿಯಾದರು?" ಕ್ರಿಸ್ತನು ಶಿಷ್ಯರ ಕಾಲು ತೊಳೆದ ಗುರುವಾರದ ಪಾಠಕ್ಕೆ: "ನಿನ್ನ ಮನೆಯಲ್ಲಿ ಪಾತ್ರೆ ತೊಳೆಯುವವಳ ಹೆಸರು ಗೊತ್ತೇ?" ಆಗಮನ ಕಾಲದಲ್ಲಿ, ಕಾಯುವುದರ ಬಗ್ಗೆ ಪಾಠ ಬಂದಾಗ, "ನಿನಗಾಗಿ ಕಾದು ಸಾಕಾದವರು ಯಾರು?" ಎಂದು ಬರೆದಿದ್ದರು. ಅಂದು ಗಾಡಿ ತಡವಾಗಿತ್ತು. ಫ್ಯಾಕ್ಟರಿಗೆ ಹೋಗುವವನೊಬ್ಬ ಟೀ ಕುಡಿಯುತ್ತಾ, "ನಾನೇ ಗಾಡಿಗೆ ಕಾದು ಸಾಕಾಗಿದೀನಿ, ನನ್ನನ್ನ್ಯಾವನು ಕಾಯ್ತಾನೆ" ಎಂದ. ಟೀಚರಮ್ಮ ಅಲ್ಲೇ ಇದ್ದರು. "ಊರಲ್ಲಿ ಅಮ್ಮ ಇಲ್ವೇನಪ್ಪಾ?" ಎಂದರು ಅಷ್ಟೇ. ಅವನು ಲೋಟವನ್ನು ಅರ್ಧಕ್ಕೇ ಇಟ್ಟುಬಿಟ್ಟ.

ನಾನು ಆಗ ಹೊಸದಾಗಿ ಓದಿದ ಪುಸ್ತಕಗಳ ಬಿಸಿಯಲ್ಲಿದ್ದೆ. ಧರ್ಮವೆಂಬುದು ಉಳ್ಳವರ ಕಾವಲುಗಾರ ಎಂದು ಅವರಿಗೆ ಬೋಧಿಸಲು ಹೋದೆ. ಪ್ರಶ್ನೆ ಬರೆದು ಕೈತೊಳೆದುಕೊಳ್ಳುವುದು ಸುಲಭ, ಉತ್ತರ ಕೊಡುವವರು ಯಾರು ಎಂದು ಕೇಳಿದೆ. ಅವರು ಸೀಮೆಸುಣ್ಣದ ಡಬ್ಬಿಯನ್ನು ನನ್ನ ಮುಂದೆ ಹಿಡಿದರು.

"ಪಕ್ಕದ ಗೋಡೆ ಖಾಲಿ ಇದೆ ಕಣೇ. ನೀನು ಉತ್ತರ ಬರಿ. ಕಾಗುಣಿತ ಮಾತ್ರ ನೋಡ್ಕೊಂಡು ಬರಿ, ಮರ್ಯಾದೆ ನಂದು ಹೋಗುತ್ತೆ."

ದೀರ್ಘ ಪ್ರಾರ್ಥನೆಗಳಲ್ಲಿ ಅವರು ತೂಕಡಿಸುತ್ತಿದ್ದರು. ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಪ್ರಸಂಗವನ್ನು ಎಳೆದರೆ ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಾ ಕೂರುತ್ತಿದ್ದರು. ಹಠಮಾರಿ. ತಮ್ಮ ಪಂಚಾಂಗದ ಮೇಲೆ ಅವರಿಗಿದ್ದ ನಂಬಿಕೆ ನನಗೆ ಈಗಲೂ ಸ್ವಲ್ಪ ಅತಿಯೆನಿಸುತ್ತದೆ. ಪಟ್ಟಿಯಲ್ಲಿ ಬಾರದ ಅನ್ಯಾಯಕ್ಕೆ ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದ್ದೆ. "ಎಲ್ಲಾನೂ ಬರುತ್ತೆ. ಬಂದ ದಿನ ನಾವು ರಜ ಹಾಕ್ದೆ ಇದ್ರೆ ಸಾಕು" ಎಂದರು.

ಈಗ ಅವರು ಮಾಡಿದ ಒಂದು ತಪ್ಪಿನ ವಿಷಯ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಪಂಚಾಶತ್ತಮ ಕಳೆದು ರಾಗಿ ಬಿತ್ತನೆಗೆ ಜನ ಮೋಡ ನೋಡುತ್ತಿದ್ದ ಕಾಲ. ಪೌಲನ ಪತ್ರವೊಂದರ ಪಾಠ ಬಂತು. ಪಾಪವು ತನ್ನ ಕೆಲಸದವನಿಗೆ ಕೊಡುವ ಸಂಬಳ ಸಾವು ಎಂಬ ಅರ್ಥದ ಮಾತು. ಟೀಚರಮ್ಮನ ಬಾಯಲ್ಲಿ ಆ ವಚನ ಚಿಕ್ಕಂದಿನಿಂದ ತೆಲುಗಿನಲ್ಲೇ ಇತ್ತು. ತೆಲುಗಿನಲ್ಲಿ ಸಂಬಳಕ್ಕೆ 'ಜೀತಂ' ಎನ್ನುತ್ತಾರೆ. ಅಲ್ಲಿ ಮೇಷ್ಟರಿಗೂ ತಿಂಗಳಿಗೊಮ್ಮೆ ಬರುವುದು ಜೀತವೇ, ಕಲೆಕ್ಟರಿಗೂ ಜೀತವೇ. ಗಡಿಯ ಈಚೆ, ನಮ್ಮ ಕನ್ನಡದಲ್ಲಿ, ಅದೇ ಪದಕ್ಕೆ ಅರ್ಥ ಬೇರೆ: ಅಪ್ಪನ ಸಾಲಕ್ಕೆ ಮಗ ಒಬ್ಬ ಒಡೆಯನ ಮನೆಯಲ್ಲಿ ಕೂಲಿಯಿಲ್ಲದೆ ದುಡಿದು ದುಡಿದು ಸಾಯುವುದು. ಆ ಬೆಳಿಗ್ಗೆ ಅವರ ಕೈ ಕನ್ನಡ ಬರೆಯಿತು, ತಲೆ ತೆಲುಗಿನಲ್ಲಿತ್ತು.

"ಪಾಪದ ಜೀತ ಸಾವು," ಎಂದು ಎರಡನೆಯ ಸಾಲು. ಮೂರನೆಯದು: "ನೀನು ಯಾರ ಜೀತಕ್ಕೆ ಇದ್ದೀಯ?"

ಬಾಷಾ ಓದಿದರು. ಒಂದು ಕಡೆಯೂ ತಡವರಿಸಲಿಲ್ಲ. ನಾಲಿಗೆಗೆ ಅಷ್ಟು ಪರಿಚಯದ ಪದ. ಟೀಚರಮ್ಮ ಸಮಾಧಾನದಿಂದ ಟೀ ಕುಡಿದರು.

ಅಂಗಡಿಯ ಮುಂದೆ ಇಟ್ಟಿಗೆ ತುಂಬಿದ ಎತ್ತಿನ ಗಾಡಿ ನಿಂತಿತ್ತು. ಅದನ್ನು ಹೊಡೆದುಕೊಂಡು ಬಂದಿದ್ದವನು ಪಿಳ್ಳಪ್ಪ, ನಲವತ್ತು ದಾಟಿದ ಆಳು. ಗಾಡಿ, ಎತ್ತು, ಇಟ್ಟಿಗೆ ಗೂಡು, ಗೂಡಿನ ಹಿಂದಿನ ಹಿಪ್ಪುನೇರಳೆ ತೋಟ, ಎಲ್ಲವೂ ನಮ್ಮ ಸಭೆಯ ಹಿರಿಯರೊಬ್ಬರದು. ಅವರು ಸಭಾ ಸಮಿತಿಯ ಕಾರ್ಯದರ್ಶಿ. ಎಲ್ಲರೂ ಅವರನ್ನು 'ಅಣ್ಣೋರು' ಎನ್ನುತ್ತಿದ್ದರು. ಪಿಳ್ಳಪ್ಪನಿಗೆ ಓದು ಬಾರದು. ಆದರೆ ಬಾಷಾ ಓದಿದ್ದು ಕೇಳಿಸಿತ್ತು. ಅವನು ಬಂದು ಟೀಚರಮ್ಮನ ಮುಂದೆ, ಸ್ವಲ್ಪ ದೂರದಲ್ಲಿ ನಿಂತ.

"ಟೀಚರಮ್ಮಾ, ಗೋಡೆ ಮೇಲೆ ನನ್ ವಿಷ್ಯ ಬರ್ದಿದ್ದೀರಂತೆ."

"ನಿನ್ನ ವಿಷ್ಯನಾ? ಇಲ್ವಲ್ಲಪ್ಪ."

"ಜೀತಕ್ಕಿರೋನಿಗೆ ಸಾವೇ ಗತಿ ಅಂತ ಈಗ ಓದಿದ್ರಲ್ಲ ಇವ್ರು. ನಾನು ಯಾರ ಜೀತಕ್ಕಿದೀನಿ ಅಂತ ಊರಿಗೇ ಗೊತ್ತು. ನೀವ್ಯಾಕೆ ಕೇಳ್ತೀರಾ? ಅಣ್ಣೋರ ಜೊತೆಗೇ ಕೂತು ಹಾಡ್ ಹೇಳ್ತೀರಲ್ಲ ಭಾನುವಾರ."

ಅವನ ದನಿಯಲ್ಲಿ ಕೋಪವಿರಲಿಲ್ಲ. ಅದೇ ಭಯಂಕರವಾಗಿತ್ತು. ಟೀಚರಮ್ಮ ಲೋಟ ಕೆಳಗಿಟ್ಟರು. ತಮ್ಮಷ್ಟಕ್ಕೆ ತೆಲುಗಿನಲ್ಲಿ ಏನೋ ಅಂದುಕೊಂಡರು. ಗೋಡೆಯ ಕಡೆ ತಿರುಗಿ, ಕಾಣದ ಕಣ್ಣಿನಿಂದ ಅದನ್ನೇ ನೋಡುತ್ತಾ ನಿಂತರು. ಆಮೇಲೆ ಒದ್ದೆ ಬಟ್ಟೆ ಹಿಡಿದು ರಸ್ತೆ ದಾಟಿದರು. ನಾನೂ ಹಿಂದೆ ಹೋದೆ. ಬೆಂಗಳೂರಿನ ರೈಲಿನ ಶಿಳ್ಳೆ ಕೇಳಿಸುತ್ತಿತ್ತು. ಅಂದು ನಾನು ಹತ್ತಲಿಲ್ಲ.

ಎರಡನೆಯ ಸಾಲಿನ 'ಜೀತ'ವನ್ನು ಒರೆಸಿ ಅಲ್ಲಿ 'ಸಂಬಳ' ಎಂದು ಬರೆದರು. ಬಟ್ಟೆ ಮೂರನೆಯ ಸಾಲಿನ ಹತ್ತಿರ ಬಂದು ನಿಂತಿತು. ನಿಂತೇ ಇತ್ತು. ಕೊನೆಗೆ ಅದನ್ನು ಹಿಂಡಿ ಗೇಟಿನ ಕಂಬಿಗೆ ಹಾಕಿದರು.

"ಟೀಚರ್, ಅದನ್ನೂ ಒರೆಸ್ಬೇಕಲ್ವಾ?" ಎಂದೆ.

"ವಚನ ನಂದಲ್ಲ. ಅದ್ರಲ್ಲಿ ತಪ್ಪಿದ್ರೆ ತಿದ್ಬೇಕು. ಪ್ರಶ್ನೆ ನಂದು. ಅದು ತಪ್ಪಾಗಿ ಬರ್ದಿದ್ದು ನಿಜ, ಆದ್ರೆ ಪ್ರಶ್ನೆ ತಪ್ಪಲ್ಲ."

ಕಾರ್ಯದರ್ಶಿಯವರ ಒಂದು ಸಹಿಯ ಮೇಲೆ ಅವರ ಅನ್ನವಿತ್ತು, ಅದು ಅವರಿಗೆ ಗೊತ್ತಿತ್ತು.

ಪ್ರಶ್ನೆ ಒಂದೇ ದಿನ ಗೋಡೆಯ ಮೇಲಿತ್ತು. ಆದರೆ ಸ್ಟೇಷನ್ ರಸ್ತೆಯಲ್ಲಿ ಅದು ಅಳಿಯಲಿಲ್ಲ. ಗಾಡಿಗೆ ಕಾಯುವವರು ಒಬ್ಬರನ್ನೊಬ್ಬರು ಅದೇ ಮಾತಿನಿಂದ ಎದುರುಗೊಳ್ಳತೊಡಗಿದರು. "ಏನ್ಲಾ, ಯಾರ ಜೀತಕ್ಕಿದ್ದೀಯ?" "ಬೆಂಗ್ಳೂರು ಫ್ಯಾಕ್ಟ್ರಿ ಜೀತಕ್ಕೆ ಕಣ್ಲಾ, ನೀನು?" "ನಮ್ಮನೆಯೋಳ ಜೀತಕ್ಕೆ." ನಗೆಯೇ. ಆದರೆ ಅಣ್ಣೋರು ಟೀ ಅಂಗಡಿಯ ಮುಂದೆ ಹಾದಾಗ ಆ ನಗೆ ನಿಂತುಹೋಗುತ್ತಿತ್ತು, ಮತ್ತು ಅದು ನಿಂತದ್ದು ಅವರಿಗೆ ಕೇಳಿಸುತ್ತಿತ್ತು.

ಸಮಿತಿ ಸೇರಿತು. ಯುವಜನ ಸಂಘದ ಪ್ರತಿನಿಧಿಯಾಗಿ ನನಗೂ ಮೂಲೆಯಲ್ಲಿ ಒಂದು ಕುರ್ಚಿ ಇತ್ತು. ಅಣ್ಣೋರು ಕೆಟ್ಟ ಮನುಷ್ಯರಂತೆ ಮಾತಾಡಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಅನ್ಯಾಯ ಹೆಚ್ಚಾಗಿ ಮೆದು ಮಾತಿನವರಿಂದಲೇ ನಡೆಯುತ್ತದೆ.

"ಟೀಚರಮ್ಮ, ನಿಮ್ಮ ಬಗ್ಗೆ ನಮಗೆಲ್ಲ ಗೌರವ. ಆದ್ರೆ ವಚನ ಅಂದ್ರೆ ಜನಕ್ಕೆ ಸಮಾಧಾನ ಕೊಡ್ಬೇಕು. ದೇವರು ಕುರುಬ, ನಾವು ಕುರಿ, ಅಂಥದ್ದು ಬರೀರಿ. ಚೆನ್ನಾಗಿರುತ್ತೆ."

"ಅದೂ ಬರುತ್ತೆ ಅಣ್ಣೋರೇ. ಅದರ ದಿನ ಬಂದಾಗ ಬರೀತೀನಿ."

"ಪಿಳ್ಳಪ್ಪ ನಮ್ಮನೆ ಮಗ ಇದ್ದಂಗೆ. ಅವ್ರಪ್ಪನ ಕಾಲದಿಂದ ನಮ್ಮ ಅನ್ನ ತಿಂದು ಬೆಳ್ದಿದಾರೆ."

"ಮಗ ಅಂದ್ರೆ ಒಳ್ಳೇದೇ. ಆಸ್ತೀಲಿ ಪಾಲೆಷ್ಟು?"

ಯಾರೋ ಕೆಮ್ಮಿದರು. ಅಯ್ಯನವರು ಪ್ರಾರ್ಥನೆಯೊಂದಿಗೆ ಮುಗಿಸೋಣ ಎಂದರು. ಪ್ರಾರ್ಥನೆ ಬಹಳ ಉದ್ದವಾಗಿತ್ತು. ಆ ಒಂದು ಸಲ ಟೀಚರಮ್ಮ ತೂಕಡಿಸಲಿಲ್ಲ.

ಜೀತವನ್ನು ರದ್ದುಮಾಡುವ ಕಾನೂನು ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಪಿಳ್ಳಪ್ಪನನ್ನು ಕರೆದುಕೊಂಡು ಟೀಚರಮ್ಮ ಒಂದು ಸರ್ಕಾರಿ ಕಚೇರಿಗೆ ಹೋದರು. ಅರ್ಜಿ ಬರೆದುಕೊಡಲು ನಾನು ಜೊತೆಗಿದ್ದೆ. ಯಾವ ಊರಿನ ಕಚೇರಿ ಎಂದು ಬರೆಯುವುದಿಲ್ಲ; ಬೇರೆ ಊರಿನಲ್ಲಿ ಬೇರೆ ಉತ್ತರ ಸಿಗುತ್ತಿತ್ತು ಎಂಬ ಭರವಸೆ ನನಗಿಲ್ಲ. ಮೇಜಿನ ಆಚೆಯವರು ಅರ್ಜಿಯನ್ನು ಮುಟ್ಟಲಿಲ್ಲ.

"ನಮ್ಮ ಕಡೆ ಜೀತ ಇಲ್ಲ ಕಣಮ್ಮ. ಒಬ್ನೂ ಇಲ್ಲ ಅಂತ ಮೇಲಕ್ಕೆ ವರದಿ ಹೋಗಿದೆ."

"ಇಲ್ಲಿ ನಿಂತಿದಾನಲ್ಲ ಸಾರ್."

"ನಿಂತಿರ್ಬೋದು. ವರದೀಲಿ ಇಲ್ವಲ್ಲ. ಇಲ್ದೇ ಇರೋನನ್ನ ನಾನೆಲ್ಲಿಂದ ಬಿಡಿಸ್ಲಿ?"

ಪಿಳ್ಳಪ್ಪ ಬಾಗಿಲ ಬಳಿಯಿಂದ ಕೇಳಿದ: "ಹಂಗಾರೆ ಸಾರ್, ಇಲ್ದೇ ಇರೋನು ನಾಳೆ ಬೆಳಿಗ್ಗೆ ಅಣ್ಣೋರ ಕೊಟ್ಟಿಗೆ ಗುಡಿಸ್ಬೇಕಾ, ಬ್ಯಾಡ್ವಾ?"

ಆ ಪ್ರಶ್ನೆಗೆ ಉತ್ತರ ಇಂದಿಗೂ ಬಾಕಿ ಇದೆ. ಆ ವರದಿಗೆ ಸಹಿ ಹಾಕಿದವರು ಯಾರು, ಯಾವ ಹಳ್ಳಿಗೆ ಹೋಗಿ, ಯಾರ ಜಗಲಿಯ ಮೇಲೆ ಕೂತು, ಯಾರ ಮಜ್ಜಿಗೆ ಕುಡಿದು ಅದನ್ನು ಬರೆದರು ಎಂದು ನಾನು ಆಗ ಕೇಳಿದ್ದೆ, ಈಗಲೂ ಕೇಳುತ್ತೇನೆ. ಬಸ್ಸಿನಲ್ಲಿ ಹಿಂತಿರುಗುವಾಗ ನಾನು ಸರ್ಕಾರವನ್ನು, ಸಭೆಯನ್ನು, ದೇವರನ್ನು ಒಂದೇ ಉಸಿರಿನಲ್ಲಿ ಬೈಯುತ್ತಿದ್ದೆ. ಟೀಚರಮ್ಮ ಬುತ್ತಿ ಬಿಚ್ಚಿ ಪಿಳ್ಳಪ್ಪನಿಗೂ ನನಗೂ ರಾಗಿ ರೊಟ್ಟಿ ಕೊಟ್ಟರು. "ಬೈಯೋದು ನಿಲ್ಲಿಸ್ಬೇಡ, ತಿನ್ಕೊಂಡು ಬೈ" ಎಂದರು.

ಮಳೆಗಾಲ ಮುಗಿಯುತ್ತಿರುವಾಗ, ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ದೇವರ ಕಿವಿಯವರೆಗೆ ಕೂಗುತ್ತದೆ ಎಂಬ ಪಾಠ ಬಂತು. ಅದನ್ನು ಬಿಟ್ಟುಬಿಡಿ ಎಂದು ಅಯ್ಯನವರು ಅವರ ಕೋಣೆಗೇ ಬಂದು ಬೇಡಿಕೊಂಡರು. ಟೀಚರಮ್ಮ ಅವರಿಗೆ ಕಾಫಿ ಕೊಟ್ಟರು. ಬೆಳಿಗ್ಗೆ ಪಾಠವನ್ನು ಗೋಡೆಗೆ ಹಾಕಿದರು. ಅಯ್ಯನವರು ಮಾತ್ರ ಆ ಭಾನುವಾರ ದೇವಾಲಯದಲ್ಲಿ ಬೇರೆ ಪಾಠ ಓದಿ, ಸಮಾಧಾನದ ಬಗ್ಗೆ ಪ್ರಸಂಗ ಮಾಡಿದರು.

ಆ ವರ್ಷ ಆಗಮನ ಕಾಲದ ಮೊದಲ ವಾರದಲ್ಲೇ ಗೋಡೆಗೆ ಸುಣ್ಣ ಹೊಡೆದರು. ಕ್ರಿಸ್ಮಸ್ಸಿಗೆ ಅಂಗಳ ಚೆನ್ನಾಗಿ ಕಾಣಬೇಕೆಂಬುದು ಕಾರಣವಾಗಿತ್ತು. ಜನವರಿಗೆ ಟೀಚರಮ್ಮನನ್ನು ಶ್ರೀನಿವಾಸಪುರದ ಶಾಲೆಗೆ ಕಳುಹಿಸಿದರು. 'ಸೇವೆಯ ಅಗತ್ಯ' ಎಂಬುದು ಕಾರಣವಾಗಿತ್ತು. ಅಲ್ಲಿ ಅವರಿಗೆ ಗೋಡೆ ಸಿಗಲಿಲ್ಲ. ಮಕ್ಕಳ ಸ್ಲೇಟಿನ ಮೇಲೆ ಬರೆದು ಬಾಗಿಲಿಗೆ ಒರಗಿಸುತ್ತಿದ್ದರಂತೆ. ಸಮಾಧಿ ತೋಟದಲ್ಲಿ 'ಮೃದು ಸ್ವಭಾವ' ಎಂದವರು ಆ ವರ್ಗಾವಣೆಯ ನಿರ್ಣಯಕ್ಕೆ ಕೈಯೆತ್ತಿದವರಲ್ಲಿ ಒಬ್ಬರು. ನಾನು ಎದುರು ಕೂತು ನೋಡಿದ್ದೇನೆ. ಅವರು ಇದನ್ನು ಓದುತ್ತಾರೆ ಎಂಬುದೂ ನನಗೆ ಗೊತ್ತು. ಆ ಕೈ ಯಾಕೆ ಎತ್ತಿದಿರಿ ಎಂದು ಸಭೆಯ ಮುಂದೆ ಹೇಳಲಿ. ಆಮೇಲೆ ಹಾಲು, ತಾಯಿ ಎಂದೆಲ್ಲ ಮಾತಾಡಬಹುದು.

ಗೋಡೆಗೆ ಸುಣ್ಣ ಬೀಳಲು ನಿಜವಾದ ಕಾರಣ ಅದಕ್ಕೆ ಹಿಂದಿನ ಸುಗ್ಗಿ ಹಬ್ಬದ ಭಾನುವಾರ. ಅದನ್ನು ಕೊನೆಗೆಂದು ಉಳಿಸಿಕೊಂಡಿದ್ದೇನೆ.

ಸುಗ್ಗಿ ಹಬ್ಬಕ್ಕೆ ಪ್ರತಿ ಮನೆಯವರ ಮೊದಲ ಬೆಳೆ ಬುಟ್ಟಿಯಲ್ಲಿ ದೇವಾಲಯಕ್ಕೆ ಬರುತ್ತದೆ: ರಾಗಿ ತೆನೆ, ಕುಂಬಳಕಾಯಿ, ಅವರೆ, ಟೊಮೇಟೊ. ಮೋಶೆಯ ಗ್ರಂಥದ ಒಂದು ಪಾಠ ಅಂದಿಗೆ ಗೊತ್ತಾಗಿದೆ. ಬುಟ್ಟಿ ತಂದವನು ದೇವರ ಮುಂದೆ ನಿಂತು ತನ್ನ ಬಾಯಿಂದಲೇ ಹೇಳಬೇಕು: ನಾವು ಐಗುಪ್ತ (ಈಜಿಪ್ಟ್) ದೇಶದಲ್ಲಿ ದಾಸರಾಗಿದ್ದೆವು, ದೇವರು ನಮ್ಮನ್ನು ಬಿಡಿಸಿದನು, ಅದಕ್ಕೆ ಈ ಫಲ ತಂದಿದ್ದೇನೆ ಎಂದು. ನಮ್ಮ ಸಭೆಯಲ್ಲಿ ಅದೊಂದು ರೂಢಿ. ಪಾಠ ಓದುವವರು ಹೇಳಿಕೊಡುತ್ತಾರೆ, ಮನೆಯ ಯಜಮಾನರು ರಾಗವಾಗಿ ಒಪ್ಪಿಸುತ್ತಾರೆ. ವರ್ಷವೂ ಮೊದಲ ಬುಟ್ಟಿ ಅಣ್ಣೋರದು. ವರ್ಷವೂ ಅದನ್ನು ಹೊತ್ತು ತರುವವನು ಪಿಳ್ಳಪ್ಪ. ಅವನು ಮೆಟ್ಟಿಲ ಬಳಿ ನಿಲ್ಲುತ್ತಾನೆ, ಅಣ್ಣೋರು ಬಂದು ಬುಟ್ಟಿ ಇಳಿಸಿಕೊಳ್ಳುತ್ತಾರೆ.

ಆ ವರ್ಷ ಪಾಠ ಓದುವ ಸರದಿ ಟೀಚರಮ್ಮನದು. ಸರದಿಯನ್ನು ಬಹಳ ಹಿಂದೆಯೇ ಗೊತ್ತುಮಾಡಿಯಾಗಿತ್ತು. ತಪ್ಪಿಸಲು ಯಾರಿಗೂ ಹೊಳೆದಿರಲಿಲ್ಲ. ಅವರು ಓದಿ ಮುಗಿಸಿ, ಕನ್ನಡಕ ತೆಗೆದು, ಮೆಟ್ಟಿಲ ಕಡೆ ಹೊರಟ ಅಣ್ಣೋರನ್ನು ಕರೆದರು.

"ಅಣ್ಣೋರೇ, ಬುಟ್ಟಿ ತಂದೋರು ಹೇಳ್ಬೇಕು ಅಂತಿದೆ ಪಾಠದಲ್ಲಿ. ಈ ಬುಟ್ಟಿ ತಂದೋರು ಯಾರು?"

"ನಾನೇ ಅಲ್ವಾ ಟೀಚರಮ್ಮ. ವರ್ಷಾ ವರ್ಷಾ ನಾನೇ ತಾನೆ."

"ಹೊಲದಿಂದ ಇಲ್ಲೀಗಂಟ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕು, ತಕ್ಷಣ ನಿಲ್ಲಿಸಿದರು. ಟೀಚರಮ್ಮ ಬಾಗಿಲ ಕಡೆ ಕೈ ಮಾಡಿದರು. "ಪಿಳ್ಳಪ್ಪಾ, ಒಳಗೆ ಬಾ."

ಅವನು ಹೊಸ್ತಿಲ ಬಳಿ ಅನುಮಾನಿಸಿದ. ಆಮೇಲೆ ಬಂದ, ಬುಟ್ಟಿ ತಲೆಯ ಮೇಲಿದ್ದ ಹಾಗೇ, ಸಾಲುಗಳ ನಡುವೆ ನಡೆದು ಪೀಠದ ಮುಂದಕ್ಕೆ. ಕುಂಬಳಕಾಯಿಯ ಭಾರಕ್ಕೆ ಕತ್ತಿನ ನರ ಉಬ್ಬಿದ್ದವು. ಅವನು ನಮ್ಮ ಸಭೆಯವನಲ್ಲ, ಆ ಒಳಗನ್ನು ಅವನು ನೋಡಿದ್ದೇ ಅಂದು.

"ನಾನು ಹೇಳ್ಕೊಡ್ತೀನಿ, ನೀನು ಹೇಳು. ನಾವು ದಾಸರಾಗಿದ್ದೆವು."

"ದಾಸ ಅಂದ್ರೆ ಏನು ಟೀಚರಮ್ಮ?"

"ಜೀತಕ್ಕಿರೋನು."

ಈ ಸಲ ಅವರ ಬಾಯಲ್ಲಿ ತೆಲುಗು ಇರಲಿಲ್ಲ. ಅಯ್ಯನವರು ಎದ್ದು ನಿಂತು, "ಟೀಚರಮ್ಮ, ಆರಾಧನೆ ಮುಂದುವರೀಲಿ" ಎಂದರು. "ಇದೇ ಆರಾಧನೆ ಅಯ್ಯನೋರೇ" ಎಂದರು ಇವರು. ಪಿಳ್ಳಪ್ಪ ಯೋಚಿಸುತ್ತಿದ್ದ. ಮನಸ್ಸಿನಲ್ಲಿ ಆ ಮಾತನ್ನು ಹೇಳಿ ನೋಡಿಕೊಳ್ಳುತ್ತಿದ್ದನೆಂದು ಕಾಣುತ್ತದೆ. ಆಮೇಲೆ, ತುಂಬ ಮರ್ಯಾದೆಯಿಂದ ಕೇಳಿದ:

"'ಇದ್ದೆ' ಅನ್ಲಾ ಟೀಚರಮ್ಮ, 'ಇದೀನಿ' ಅನ್ಲಾ?"

ಟೀಚರಮ್ಮ ಕನ್ನಡಕ ಹಾಕಿಕೊಂಡು ಅಣ್ಣೋರ ಕಡೆ ತಿರುಗಿದರು.

"ಅದನ್ನ ನಾನು ಹೇಳೋಕಾಗಲ್ಲಪ್ಪ. ಅಣ್ಣೋರು ಹೇಳ್ಬೇಕು."

ಅಣ್ಣೋರು ಪಿಳ್ಳಪ್ಪನನ್ನು ನೋಡಿದರು, ಅಯ್ಯನವರನ್ನು ನೋಡಿದರು, ನಮ್ಮೆಲ್ಲರನ್ನು ನೋಡಿದರು. ಹೆಂಗಸರ ಸಾಲಿನಲ್ಲಿ ಮುಂದೆ ಕೂತಿದ್ದ ಅವರ ತಾಯಿ, ಕಿವಿ ಮಂದವಾಗಿದ್ದ ಮುದುಕಿ, ಏನಾಗುತ್ತಿದೆ ಎಂದು ಪಕ್ಕದವರನ್ನು ಕೇಳಿ ತಿಳಿದು ಗಟ್ಟಿಯಾಗಿ ಹೇಳಿದರು: "ಏನಾನ ಒಂದು ಹೇಳೋ ಬೇಗ. ಎಷ್ಟೊತ್ತು ಹೊತ್ಕೊಂಡಿರ್ತಾನೆ ಅವ್ನು."

"ಇದ್ದೆ ಅನ್ನು," ಎಂದರು ಅಣ್ಣೋರು. ಸಣ್ಣ ದನಿ, ಆದರೆ ಅಂದರು.

ಪಿಳ್ಳಪ್ಪ ಎರಡೂ ಕೈಯಿಂದ ಬುಟ್ಟಿಯನ್ನು ತಾನೇ ಇಳಿಸಿ ಪೀಠದ ಮುಂದೆ ಇಟ್ಟ. ತಲೆಯ ಮೇಲಿನ ಸಿಂಬಿ ಬಟ್ಟೆಯನ್ನು ತೆಗೆದು ಕೊಡವಿ ಹೆಗಲಿಗೆ ಹಾಕಿಕೊಂಡ.

"ಜೀತಕ್ಕಿದ್ದೆ," ಎಂದ.

ಟೀಚರಮ್ಮ ಪಾಠದ ಮುಂದಿನ ಮಾತು ಹೇಳಿಕೊಡಲು ಪುಸ್ತಕ ಎತ್ತಿಕೊಂಡರು. ಅವನು ಕೈ ಅಡ್ಡ ಮಾಡಿದ.

"ಇನ್ನೊಂದ್ ಕಿತ ಹೇಳ್ಲಾ ಟೀಚರಮ್ಮ? ಹಿಂದ್ಗಡೆಯೋರಿಗೆ ಕೇಳ್ಸಿಲ್ಲ ಅನ್ಸುತ್ತೆ."

"ಹೇಳಪ್ಪಾ," ಎಂದರು ಅವರು, ಮತ್ತು ಪುಸ್ತಕ ಮುಚ್ಚಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಪಿಳ್ಳಪ್ಪ ಪೀಠಕ್ಕೆ ಬೆನ್ನು ಮಾಡಿ, ನಮ್ಮ ಕಡೆ ತಿರುಗಿ ನಿಂತು, ಮತ್ತೊಮ್ಮೆ ಹೇಳಿದ.